ಮೂರನೇ ಡೌನಿನಲ್ಲಿ ಆರು ಗಜ ಬೇಕಿದ್ದಾಗ ಕೋಚ್ ಓಡಿಸಿದ್ದೇಕೆ?

ಶುಕ್ರವಾರ ರಾತ್ರಿಯ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಪಂದ್ಯ ಮುಗಿದರೆ ಸಾಕು, ಗುಂಪಿನಲ್ಲಿ ಇದೇ ಪ್ರಶ್ನೆ. ಈ ಆಟದಲ್ಲಿ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದೂ ಒಂದು ಡೌನ್; ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಡುತ್ತಾರೆ, ಅದೇ ಪಂಟ್. ಮೂರನೇ ಡೌನ್, ಇನ್ನೂ 6 ಗಜ ಬೇಕು, ಎಲ್ಲರೂ ಪಾಸ್‌ಗೆ ಕಾಯುತ್ತಿದ್ದಾರೆ. ಕೋಚ್ ನೋಡಿದರೆ ಚೆಂಡನ್ನು ನಡುವೆ ಓಡಿಸಿ 4 ಗಜವಷ್ಟೇ ಗಳಿಸುತ್ತಾರೆ. ಅಪ್ಪ ಅಮ್ಮಂದಿರು ಗ್ಯಾಲರಿಯಿಂದ ಕೂಗುವುದು ಇಲ್ಲೇ. ದಯವಿಟ್ಟು ಒಂದು ಕ್ಷಣ ತಡೆಯಿರಿ, ಮುಂದಿನ ಡೌನಿನಲ್ಲಿ ಏನು ಮಾಡುತ್ತಾರೆ ನೋಡಿ. ನಾಲ್ಕನೇ ಡೌನಿನಲ್ಲೂ ಆಡುವುದೆಂದು ಕೋಚ್ ಮೊದಲೇ ತೀರ್ಮಾನಿಸಿದ್ದರೆ, 10 ಗಜಕ್ಕೆ ಇರುವುದು ಮೂರು ಅವಕಾಶವಲ್ಲ, ನಾಲ್ಕು. ಒಂದೊಂದಕ್ಕೆ ಎರಡೂವರೆ ಗಜ ಬಂದರೆ ಸಾಕು. ಆಗ 6 ಗಜವನ್ನು 2 ಗಜಕ್ಕೆ ಇಳಿಸುವ ಓಟ ಒಳ್ಳೆಯ ಓಟ. ಪ್ರೊ ಕಬಡ್ಡಿ ನೋಡುವವರಿಗೆ ಇದು ಬೇಗ ಹಿಡಿಯುತ್ತದೆ: ಮೂರನೆಯದು ಡೂ ಆರ್ ಡೈ ಎಂದು ಗೊತ್ತಿದ್ದೇ ರೈಡರ್ ಎರಡನೇ ರೈಡಿನಲ್ಲಿ ಬರಿಗೈಲಿ ವಾಪಸ್ ಬರುತ್ತಾನೆ.

ಎಲ್ಲಿ ಆಡಬೇಕು, ಎಲ್ಲಿ ಒದೆಯಬೇಕು ಎಂಬುದಕ್ಕೆ ಲೆಕ್ಕವಿದೆ. ಚೆಂಡು ಮೈದಾನದ ನಟ್ಟನಡುವಿನ 50ರ ಗೆರೆಯಲ್ಲಿದೆ, ನಾಲ್ಕನೇ ಡೌನ್, 2 ಗಜ ಬೇಕು ಎಂದುಕೊಳ್ಳಿ. ಪಂಟ್ ಗೋಲ್ ಗೆರೆ ದಾಟಿದರೆ ಟಚ್‌ಬ್ಯಾಕ್, ಎದುರಾಳಿ ತಮ್ಮ 20 ಗಜದ ಗೆರೆಯಿಂದ ಶುರು ಮಾಡುತ್ತಾರೆ. ಚೆಂಡನ್ನು ಬಿಟ್ಟುಕೊಟ್ಟು ನೀವು ಪಡೆದದ್ದು ಬರೀ 30 ಗಜ. ಎದುರಾಳಿಯ 30ರ ಗೆರೆಗೆ ಬಂದರೆ ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದೆಯುವ ಪ್ರಶ್ನೆ ಏಳುತ್ತದೆ. ಗೆರೆಯ ಅಂಕಿಗೆ 17 ಸೇರಿಸಿ: ಗೋಲ್ ಗೆರೆಯಾಚೆಯ ಎಂಡ್ ಝೋನಿನ 10, ಆಟ ಶುರು ಮಾಡಲು ಚೆಂಡನ್ನು ಹಿಂದಕ್ಕೆ ಕೊಡುವ ಸ್ನ್ಯಾಪ್‌ನ 7. ಒಟ್ಟು 47 ಗಜ. ಹೈಸ್ಕೂಲಿನಲ್ಲಿ ಅಷ್ಟು ದೂರದಿಂದ ನೆಚ್ಚಬಹುದಾದ ಕಾಲು ಅಪರೂಪ. ಹಾಗಾಗಿ 50ರಿಂದ ಎದುರಾಳಿಯ 30ರವರೆಗಿನ ಜಾಗದಲ್ಲಿ ನಾಲ್ಕನೇ ಡೌನ್ ಆಡುವುದರಲ್ಲಿ ಹುಚ್ಚು ಧೈರ್ಯವೇನೂ ಇಲ್ಲ. ಅರ್ಕನ್ಸಾದ ಲಿಟಲ್ ರಾಕ್‌ನ ಪುಲಾಸ್ಕಿ ಅಕಾಡೆಮಿಯಲ್ಲಿ ಕೋಚ್ ಆಗಿದ್ದ ಕೆವಿನ್ ಕೆಲ್ಲಿ ಪಂಟ್ ಒದೆಯುವುದನ್ನೇ ಹೆಚ್ಚುಕಡಿಮೆ ಕೈಬಿಟ್ಟು ಹಲವು ಸಲ ರಾಜ್ಯ ಚಾಂಪಿಯನ್‌ಶಿಪ್ ಗೆದ್ದರು. ನಮ್ಮದೇ 25ರಲ್ಲಿ ನಿಂತು 5 ಗಜ ಬೇಕಿದ್ದರೆ ಮಾತು ಬೇರೆ. ಅಲ್ಲಿ ತಪ್ಪಿದರೆ ಎದುರಾಳಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.

ಓಟವೋ ಪಾಸೋ ಎಂದು ಮೊದಲೇ ಊಹಿಸಲು ಗ್ಯಾಲರಿಯಿಂದಲೇ ಎಣಿಸಬಹುದು. ಸ್ನ್ಯಾಪ್‌ಗೆ ಮುಂಚೆ ನಮ್ಮ ಮುಂದಿನ ಸಾಲಿನ ಲೈನ್‌ಮನ್‌ಗಳ ಎದುರು, ಐದು ಗಜದೊಳಗೆ ನಿಂತಿರುವ ಡಿಫೆನ್ಸ್ ಹುಡುಗರನ್ನು ಎಣಿಸಿ. ಇದನ್ನೇ ಬಾಕ್ಸ್ ಅನ್ನುವುದು. ನಮ್ಮ ಕಡೆ ಐವರು ಲೈನ್‌ಮನ್, ಸಾಲಿನ ತುದಿಗೆ ನಿಲ್ಲುವ ಒಬ್ಬ ಟೈಟ್ ಎಂಡ್, ಒಟ್ಟು ಆರು ಜನ ತಡೆಯುವವರು. ಬಾಕ್ಸಿನಲ್ಲೂ ಆರೇ ಜನರಿದ್ದರೆ ಓಟ. ಎಂಟು ಜನ ತುಂಬಿಕೊಂಡಿದ್ದರೆ ಹೊರಗೆ ಪಾಸ್ ಹಿಡಿಯುವ ರಿಸೀವರ್‌ಗಳ ಮೇಲೆ ಮೂವರೇ ಉಳಿದಿದ್ದಾರೆ, ಆಗ ಪಾಸ್. ಏಳು ಇದ್ದಾಗಲೇ ಕಷ್ಟ. ಝೋನ್ ರೀಡ್ ಎಂಬ ತಂತ್ರ ಬಂದದ್ದು ಈ ಏಳನೆಯವನಿಗಾಗಿ. ತುದಿಯ ಡಿಫೆನ್ಸಿವ್ ಎಂಡ್‌ನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು ಆ ಡಿಫೆನ್ಸಿವ್ ಎಂಡ್‌ನ ಭುಜ ನೋಡುತ್ತಾನೆ. ಭುಜ ಒಳಕ್ಕೆ ತಿರುಗಿತೋ, ಚೆಂಡನ್ನು ಎಳೆದುಕೊಂಡು ತಾನೇ ಹೊರಗೆ ಓಡುತ್ತಾನೆ. ನಿಂತಲ್ಲೇ ನಿಂತರೆ ಓಟಗಾರನಿಗೇ ಬಿಡುತ್ತಾನೆ. ಕೆಡುವುದು ಆ ಅರೆಗಳಿಗೆಯಲ್ಲಿ: ಇಬ್ಬರೂ ಚೆಂಡನ್ನು ಹಿಡಿದೆಳೆದರೆ ಫಂಬಲ್, ಚೆಂಡು ಕೈಜಾರುತ್ತದೆ. ಓಡಿಸುವಂತೆ ತೋರಿಸಿ ಎಸೆಯುವ ಆರ್‌ಪಿಓದಲ್ಲಿ (ರನ್-ಪಾಸ್ ಆಪ್ಶನ್) ತೊಂದರೆ ಇನ್ನೊಂದು. ಓಟವೆಂದು ನಂಬಿದ ಲೈನ್‌ಮನ್ ಮುಂದಕ್ಕೆ ನುಗ್ಗಿರುತ್ತಾನೆ. ಹೈಸ್ಕೂಲಿನಲ್ಲಿ ಪಾಸ್ ಕೈಬಿಡುವ ಹೊತ್ತಿಗೆ ಅವನು ಎರಡು ಗಜಕ್ಕಿಂತ ಮುಂದಿದ್ದರೆ ಹಳದಿ ಬಾವುಟ, 5 ಗಜ ದಂಡ. ಕ್ವಾರ್ಟರ್‌ಬ್ಯಾಕ್ ತಡಮಾಡಿದ್ದಕ್ಕೆ ದಂಡ ಬೀಳುವುದು ಲೈನ್‌ಮನ್ ಹೆಸರಿಗೆ. ಮನೆಗೆ ಬಂದ ಮಗನನ್ನು ಬೈಯುವ ಮುಂಚೆ ಇದು ನೆನಪಿರಲಿ.

—

ಇದಕ್ಕೆ ಎರಡು ಪಾಯಿಂಟಿನ ಲೆಕ್ಕವನ್ನೂ ಸೇರಿಸುತ್ತೇನೆ, ಇದರ ಬಗ್ಗೆಯೂ ಬೈಗುಳ ಕಮ್ಮಿಯಿಲ್ಲ. 14 ಪಾಯಿಂಟ್ ಹಿಂದಿದ್ದ ತಂಡ ಕೊನೆಯ ಹೊತ್ತಿನಲ್ಲಿ ಟಚ್‌ಡೌನ್ ಹೊಡೆದು (ಚೆಂಡನ್ನು ಎಂಡ್ ಝೋನಿಗೆ ಒಯ್ದು 6 ಪಾಯಿಂಟ್ ಗಳಿಸಿ) 8ಕ್ಕೆ ಇಳಿಸುತ್ತದೆ. ಆಮೇಲೆ ಕಂಬಗಳ ನಡುವೆ ಕಿಕ್ ಒದ್ದರೆ ಇನ್ನೊಂದು ಪಾಯಿಂಟ್, ಓಡಿ ಅಥವಾ ಎಸೆದು ಮತ್ತೆ ಎಂಡ್ ಝೋನ್ ಸೇರಿದರೆ ಎರಡು. ಕಿಕ್ ಒದ್ದು 7 ಮಾಡುವುದು ಬಿಟ್ಟು ಎರಡಕ್ಕೆ ಹೋಗುವುದೇಕೆ? ಇನ್ನೊಂದು ಟಚ್‌ಡೌನ್ ಹೇಗೂ ಬೇಕು, ಅದು ಬರುತ್ತದೆ ಎಂದಿಟ್ಟುಕೊಳ್ಳಿ. ಎರಡು ಪಾಯಿಂಟ್ ಗಿಟ್ಟುವ ಸಾಧ್ಯತೆ ಅರ್ಧಕ್ಕರ್ಧ, ಕಿಕ್ ಖಚಿತ ಎನ್ನಿ. ಈಗಲೇ ಗಿಟ್ಟಿದರೆ ಮುಂದಿನ ಟಚ್‌ಡೌನ್ ಮತ್ತು ಕಿಕ್‌ನಿಂದ ನೇರ ಗೆಲುವು: 50%. ತಪ್ಪಿದರೆ ಎರಡನೇ ಸಲ ಮತ್ತೆ ಎರಡಕ್ಕೆ ಹೋಗಿ ಸಮ ಮಾಡಿಕೊಳ್ಳಬಹುದು: 25%. ಪೂರ್ತಿ ಸೋಲು ಉಳಿದ 25%. ಓವರ್‌ಟೈಮ್ ಅರ್ಧಕ್ಕರ್ಧ ಎಂದರೆ ಒಟ್ಟು 62.5%. ಎರಡು ಸಲವೂ ಕಿಕ್ ಒದ್ದರೆ ಸಿಗುವುದು 50% ಮಾತ್ರ. ಗಿಟ್ಟುವ ಸಾಧ್ಯತೆ 40%ಕ್ಕೆ ಇಳಿದರೂ ಲೆಕ್ಕ 52%ಕ್ಕೆ ನಿಲ್ಲುತ್ತದೆ. ಕಿಕ್ಕರ್ ಕಾಲು ನಡುಗುವ ತಂಡಕ್ಕಂತೂ ಎರಡಕ್ಕೆ ಹೋಗಲು ಇನ್ನೂ ಹೆಚ್ಚು ಕಾರಣವಿದೆ.

—

ಮುಂದಿನ ಡೌನ್ ಸೇರಿಸಿ ನೋಡಿ ಎಂದು ಮೊದಲ ಬರಹದಲ್ಲಿ ಹೇಳಿದಿರಲ್ಲ, ಮಕ್ಕಳಿಗೆ ಹೇಳಿಕೊಡಲು 2015ರ ಫೆಬ್ರವರಿಯ ಸೂಪರ್ ಬೌಲ್‌ಗಿಂತ (ಅಮೆರಿಕದ ವೃತ್ತಿಪರ ಲೀಗಿನ ಫೈನಲ್) ಒಳ್ಳೆಯ ಪಾಠವಿಲ್ಲ. ಸಿಯಾಟಲ್ 24, ನ್ಯೂ ಇಂಗ್ಲೆಂಡ್ 28. ಚೆಂಡು ಸಿಯಾಟಲ್ ಬಳಿ, ಎರಡನೇ ಡೌನ್, ಗೋಲ್ ಗೆರೆಗೆ ಒಂದೇ ಗಜ, 26 ಸೆಕೆಂಡ್, ಉಳಿದಿದ್ದು ಒಂದೇ ಟೈಮ್‌ಔಟ್. ಕೋಚ್ ಪೀಟ್ ಕ್ಯಾರಲ್ ಅವರ ಸಿಯಾಟಲ್ ಓಟಗಾರ ಮಾರ್ಶಾನ್ ಲಿಂಚ್‌ಗೆ ಕೊಡದೆ ಎಸೆಯಿತು, ನ್ಯೂ ಇಂಗ್ಲೆಂಡಿನ ಮಾಲ್ಕಮ್ ಬಟ್ಲರ್ ಕಸಿದುಕೊಂಡ, ಮುಗಿಯಿತು. ಎಸೆದಿದ್ದೇ ತಪ್ಪು ಎನ್ನುವವರು ಗಡಿಯಾರ ನೋಡಿಲ್ಲ. ಓಡಿ ಸಿಕ್ಕಿಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ, ಟೈಮ್‌ಔಟ್ ಖರ್ಚು. ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ತಾನಾಗಿ ನಿಲ್ಲುತ್ತದೆ. ಮೂರು ಡೌನನ್ನೂ ಆಡಬೇಕೆಂದರೆ ನಡುವೆ ಒಂದಾದರೂ ಪಾಸ್ ಬೇಕೇ ಬೇಕು. ನನ್ನ ಪ್ರಕಾರ ತಪ್ಪಿದ್ದು ಯಾವ ಪಾಸ್ ಎಂಬಲ್ಲಿ. ಗುಂಪಿನ ನಡುವೆ, ಒಳಕ್ಕೆ ಕತ್ತರಿಸುವ ಸ್ಲ್ಯಾಂಟ್. ಮುಂದೆ ನಿಂತ ಸಿಯಾಟಲ್ ರಿಸೀವರ್ ಬಟ್ಲರ್‌ನ ದಾರಿಗೆ ಅಡ್ಡ ಬರಬೇಕಿತ್ತು. ನ್ಯೂ ಇಂಗ್ಲೆಂಡಿನ ಬ್ರ್ಯಾಂಡನ್ ಬ್ರೌನರ್ ಆ ರಿಸೀವರ್‌ನನ್ನು ಗೆರೆಯಲ್ಲೇ ಒತ್ತಿ ಹಿಡಿದ, ಬಟ್ಲರ್‌ಗೆ ದಾರಿ ತೆರೆಯಿತು. ಅದೇ ಪಾಸನ್ನು ಮೂಲೆಗೆ, ಎತ್ತರಕ್ಕೆ ಎಸೆದಿದ್ದರೆ ತಪ್ಪಿದರೂ ಹೊರಗೆ ಬೀಳುತ್ತಿತ್ತು.

ಎಂಟು ವರ್ಷದ ಮಕ್ಕಳನ್ನು ಫ್ಲಾಗ್ ಫುಟ್‌ಬಾಲ್‌ಗೆ (ಕೆಡವುವ ಬದಲು ಸೊಂಟದ ಪಟ್ಟಿ ಎಳೆದು ನಿಲ್ಲಿಸುವ ಆಟ) ಸೇರಿಸಬಹುದೇ ಎಂದು ಕೇಳಿದವರಿಗೂ ಇದೇ ಲೆಕ್ಕ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಜೊತೆ ಫ್ಲಾಗ್ ಕೂಡ ಇದೆ, ಸೇರಿಸಲು ಹಿಂಜರಿಯಬೇಡಿ. ಐದು ಜನರ ಲೀಗುಗಳಲ್ಲಿ ಸಾಮಾನ್ಯವಾಗಿ ಎಂಡ್ ಝೋನಿಗೆ ಮುಂಚಿನ 5 ಗಜದಿಂದ ಓಟ ಶುರು ಮಾಡುವಂತಿಲ್ಲ. 8 ಗಜದಲ್ಲಿದ್ದು 4 ಗಜ ಓಡಿದರೆ ಚೆಂಡು ಆ ಪಟ್ಟಿಯೊಳಗೆ ಸಿಕ್ಕಿಕೊಳ್ಳುತ್ತದೆ, ಮುಂದಿನದು ಪಾಸ್ ಎಂದು ಡಿಫೆನ್ಸ್‌ಗೆ ಹೇಳಿಕೊಟ್ಟ ಹಾಗಾಗುತ್ತದೆ. 8ರಲ್ಲಿದ್ದಾಗಲೇ ಎಸೆಯುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿ.