ಓದಕ್ಕಾಗದ ಪೋಸ್ಟರು, ಮೂಸೋ ಪೇಪರು, ಬಾಳೆಹಣ್ಣಿನ ಸಿಪ್ಪೆ

"ಇದ್ಯಾವ ಭಾಷೆನೋ?" ಅಂದ ಗುಂಡ.

"ಇಂಗ್ಲಿಷೇ ಕಣೋ. ತಲೆಕೆಳಗಾಗಿ ಹಿಡ್ಕೊಂಡಿದೀಯ, ಮೊದ್ಲು ನೆಟ್ಟಗೆ ಹಿಡ್ಕೋ" ಅಂದ ಸೀನ.

ನೆಟ್ಟಗೆ ಹಿಡಿದ್ರೂ ಅಷ್ಟೇ. ಅಕ್ಷರ ಎಲ್ಲಾ ಬೆಂಕಿ ಹತ್ಕೊಂಡು ಮೇಲಕ್ಕೆ ಏಳ್ತಿದೆಯೇನೋ ಅನ್ನೋ ಹಾಗೆ, ಕೆಂಪಿನ ಮೇಲೆ ಹಸಿರು, ಎರಡು ನಿಮಿಷ ನೋಡಿದ್ರೆ ಕಣ್ಣಲ್ಲಿ ನೀರು. ವಿಷ್ಯ ಏನಪ್ಪಾ ಅಂದ್ರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ ಸೀನನ ಪಕ್ಕದ ಮನೆ ಅಮೆರಿಕನ್ ತಾತ ಮಗಳ ಮನೆಗೆ ಶಿಫ್ಟ್ ಆಗ್ತಾ ಒಂದು ರಟ್ಟಿನ ಡಬ್ಬ ತಂದು ಇವನ ಕೈಗೆ ಕೊಟ್ಟು, ನೀನೇ ಇಟ್ಕೋ, ನನ್ನ ಮಗಳ ಕೈಗೆ ಸಿಕ್ಕಿದ್ರೆ ಸೀದಾ ರೀಸೈಕಲ್ ಬಿನ್ನಿಗೆ ಹೋಗುತ್ತೆ ಅಂದ್ರಂತೆ. 1967ರಲ್ಲಿ, ಹಿಪ್ಪಿಗಳ ಕಾಲದಲ್ಲಿ, ಬರ್ಕ್ಲಿಯಲ್ಲಿ ಕಾಲೇಜು ಬಿಟ್ಟು ಟೆಲಿಗ್ರಾಫ್ ಅವೆನ್ಯೂನಲ್ಲಿ ನಿಂತ್ಕೊಂಡು ಪೇಪರ್ ಮಾರ್ತಿದ್ದ ಮನುಷ್ಯ ಅದು. ಈಗ ನೋಡಿದ್ರೆ ಹುಲ್ಲು ಕತ್ತರಿಸೋದು ಒಂದು ವಾರ ಲೇಟಾದ್ರೆ ಬಂದು ಬೆಲ್ ಮಾಡ್ತಾರೆ ಅಂತ ಸೀನನ ಕಂಪ್ಲೇಂಟು.

"ಇದು ಫಿಲ್‌ಮೋರ್ ಆಡಿಟೋರಿಯಂ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತ ಸಭಾಂಗಣದ ಪೋಸ್ಟರು" ಅಂದ್ರು ಮೇಷ್ಟ್ರು. ಮೇಷ್ಟ್ರಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಅದೇ ನಮ್ಮ ಕಷ್ಟ. "ವೆಸ್ ವಿಲ್ಸನ್ ಶೈಲಿ. ವಿಯೆನ್ನಾದ ಆಲ್ಫ್ರೆಡ್ ರೋಲರ್ ಅನ್ನೋ ಕಲಾವಿದ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬರೆದಿದ್ದ ಅಕ್ಷರ ನೋಡಿ ಇವನು ಇದನ್ನ ಬೆಳೆಸಿದ್ದು. ಶೋ ನಡೆಸ್ತಿದ್ದ ಬಿಲ್ ಗ್ರಹಾಂ, ಇದನ್ನ ಓದಕ್ಕೇ ಆಗಲ್ವಲ್ಲಪ್ಪಾ ಅಂದ್ರೆ ವಿಲ್ಸನ್, ಅದಕ್ಕೇ ತಾನೇ ಜನ ನಿಂತು ನೋಡೋದು ಅಂದನಂತೆ."

"ನಮ್ಮ ಡಾಕ್ಟ್ರು ಚೀಟಿನೂ ಓದಕ್ಕಾಗಲ್ಲ, ಅದನ್ಯಾರೂ ನಿಂತು ನೋಡಲ್ಲ" ಅಂದ್ರು ಪದ್ಮಕ್ಕ.

"ಆಗ ಇದನ್ನ ಎಷ್ಟೋ ಸಲ ಪುಕ್ಕಟೆ ಹಂಚ್ತಿದ್ರಂತೆ ಅಕ್ಕಾ" ಅಂದ ಸೀನ. ಅಷ್ಟರಲ್ಲಿ ಗುಂಡ ಫೋನ್ ತೆಗೆದು ರೇಟ್ ಹುಡುಕಿ ಆಗಿತ್ತು. "ಲೋ, ಒರಿಜಿನಲ್ ಪ್ರಿಂಟಾದ್ರೆ ಸಾವಿರಾರು ಡಾಲರ್ ಕಣ್ರೋ!" ಅಂದಿದ್ದೇ ತಡ ಎಲ್ರೂ ಕಾಫಿ ಲೋಟ ಎತ್ಕೊಂಡು ಎರಡು ಹೆಜ್ಜೆ ಹಿಂದೆ ಸರಿದ್ವಿ. ಮಂಡಕ್ಕಿ ತಿಂದ ಎಣ್ಣೆ ಕೈಯಲ್ಲೇ ಇಷ್ಟೊತ್ತು ಸವರಿದ್ದು ಯಾರಿಗೂ ನೆನಪಾಗ್ಲಿಲ್ಲ, ಅಥವಾ ಯಾರೂ ಬಾಯಿ ಬಿಡ್ಲಿಲ್ಲ.

ಆ ಆಡಿಟೋರಿಯಂ ಒಳಗೆ ಏನಿರ್ತಿತ್ತು ಅಂತ ಸೀನ ಕೇಳಿದ್ದಕ್ಕೆ ತಾತ ಮೊದಲು ಹೇಳಿದ್ದು ಸೇಬಿನ ವಿಷ್ಯ ಅಂತೆ. ಮೆಟ್ಟಿಲು ಹತ್ತಿ ಹೋದ್ರೆ ಒಂದು ಪೀಪಾಯಿ ತುಂಬಾ ಸೇಬು, ತಗೊಳ್ಳಿ ಅಂತ. ಗ್ರೇಟ್‌ಫುಲ್ ಡೆಡ್, ಜೆಫರ್ಸನ್ ಏರ್‌ಪ್ಲೇನ್ ಅಂಥಾ ರಾಕ್ ಬ್ಯಾಂಡೆಲ್ಲಾ ಕೇಳಿದ ಮನುಷ್ಯನಿಗೆ ಅರವತ್ತು ವರ್ಷ ಆದ್ಮೇಲೆ ಫಸ್ಟ್ ನೆನಪಾಗೋದು ಸೇಬು! ಆಮೇಲೆ ಗೋಡೆ ಮೇಲಿನ ಲೈಟ್ ಶೋ. ಗಡಿಯಾರದ ಗಾಜಿನ ಬಟ್ಟಲಲ್ಲಿ ಎಣ್ಣೆ, ಬಣ್ಣದ ನೀರು ಹಾಕಿ, ಮೇಲೊಂದು ಗಾಜಿಟ್ಟು ಅಲ್ಲಾಡಿಸೋದು, ಕೆಳಗೆ ಓವರ್‌ಹೆಡ್ ಪ್ರೊಜೆಕ್ಟರು. ಹಾಡಿನ ಲಯಕ್ಕೆ ಗೋಡೆ ತುಂಬಾ ಬಣ್ಣದ ಗುಳ್ಳೆ ಒಡೆದು ಸೇರಿ ಒಡೆದು ಸೇರಿ.

ಮೇಷ್ಟ್ರು ನಿಟ್ಟುಸಿರು ಬಿಟ್ರು. "ಅದೇ ಮಷೀನಿಟ್ಕೊಂಡು ನಾನು ಇಷ್ಟು ವರ್ಷ ಥರ್ಮೋಡೈನಮಿಕ್ಸ್ ಪಾಠ ಮಾಡ್ದೆ. ಒಬ್ಬನೂ ಕುಣಿಲಿಲ್ಲ."

ಮಾಂಟೆರೆ ಸಂಗೀತೋತ್ಸವದಲ್ಲಿ ರವಿಶಂಕರ್ ಸಿತಾರ್, ವುಡ್‌ಸ್ಟಾಕ್ ಉತ್ಸವದ ಕೆಸರು, ಅದೆಲ್ಲಾ ಬಿಡಿ, ಎಲ್ಲರೂ ಹೇಳಿ ಹೇಳಿ ಸವೆದುಹೋಗಿದೆ. ನಂಗೆ ಮಜಾ ಅನ್ನಿಸಿದ್ದು ಡಬ್ಬದ ತಳದಲ್ಲಿದ್ದ ಪೇಪರುಗಳು. ಮುಟ್ಟಿದ್ರೆ ಅಂಚು ಹಪ್ಪಳದ ಹಾಗೆ ಮುರಿಯುತ್ತೆ.

ಬರ್ಕ್ಲಿ ಬಾರ್ಬ್. 1965ರ ಆಗಸ್ಟಲ್ಲಿ ಮ್ಯಾಕ್ಸ್ ಶೆರ್ ಅನ್ನೋರು ಶುರು ಮಾಡಿದ್ದು, ಅದಕ್ಕೆ ಮುಂಚೆ ಬಾರ್ ನಡೆಸ್ತಿದ್ದೋರು. ವಿಯೆಟ್ನಾಂಗೆ ಹೊರಟ ಸೈನಿಕರ ರೈಲನ್ನ ಬರ್ಕ್ಲಿಯಲ್ಲಿ ಜನ ತಡೆಯಕ್ಕೆ ಹೋದ್ರಲ್ಲ, ಪೇಪರ್ ಹುಟ್ಟಿದ್ದೇ ಆ ಗಲಾಟೆ ಮಧ್ಯೆ. ಹುಡುಗ್ರು ಸಗಟಿಗೆ ಪ್ರತಿ ತಗೊಂಡು ಬೀದೀಲಿ ಮಾರಿ ಮೇಲಿನ ಚಿಲ್ಲರೆ ಇಟ್ಕೊಳ್ಳೋದು. ತಾತನ ಹೊಟ್ಟೆಪಾಡು ಅದೇ. ಆದ್ರೆ ಕಾಲೇಜಲ್ಲಿದ್ರೆ ಸೇನೆಗೆ ಕರೆಯೋದನ್ನ ಮುಂದಕ್ಕೆ ಹಾಕ್ತಿದ್ರು, ಬಿಟ್ರೆ ಆ ರಕ್ಷಣೆ ಹೋಯ್ತು, ಹಾಗಾಗಿ ಯುದ್ಧ ಬೇಡ ಅನ್ನೋ ಪೇಪರ್ ಮಾರ್ಕೊಂಡೇ ದಿನಾ ಪೋಸ್ಟ್ ಡಬ್ಬ ನೋಡಕ್ಕೆ ಹೆದರ್ತಿದ್ರಂತೆ. ಕೊನೆಗೆ ಕರೆ ಬಂತು, ಹೋದ್ರು, ಕಣ್ಣು ತುಂಬಾ ವೀಕು ಅಂತ ವಾಪಸ್ ಕಳಿಸಿದ್ರು.

"ಆ ಪೋಸ್ಟರ್ ಓದಿ ಓದಿ ಹೋಗಿರುತ್ತೆ" ಅಂದ ಗುಂಡ.

ಪದ್ಮಕ್ಕ ಒಂದು ಬಾರ್ಬ್ ತಗೊಂಡು ಹಿಂದಿನ ಪುಟ ತಿರುಗಿಸಿದ್ರು, ಓದಿದ್ರು, ಇನ್ನೊಂದ್ಸಲ ಓದಿದ್ರು, ಮಡಚಿ ತಮ್ಮ ಪಕ್ಕಕ್ಕೇ ಇಟ್ಕೊಂಡ್ರು. "ಏನಕ್ಕಾ ಅದು?" "ವರಾನ್ವೇಷಣೆ ಕಣೋ, ಮದುವೆ ಬಿಟ್ಟು ಮಿಕ್ಕಿದ್ದೆಲ್ಲಾ ಇದೆ." ಹೌದು, ಕ್ರಾಂತಿಗೆ ಕಾಸು ಹುಟ್ಟಿಸ್ತಿದ್ದು ಈ ಜಾಹೀರಾತುಗಳೇ. 1969ರಲ್ಲಿ, ದುಡ್ಡೆಲ್ಲಾ ಎಲ್ಲಿ ಹೋಗ್ತಿದೆ ಸ್ವಾಮಿ ಅಂತ ಕೆಲಸದೋರೇ ಧಣಿ ಮೇಲೆ ತಿರುಗಿಬಿದ್ದು ಬರ್ಕ್ಲಿ ಟ್ರೈಬ್ ಅಂತ ಬೇರೆ ಪೇಪರ್ ಮಾಡ್ಕೊಂಡ್ರು. ಬಂಡವಾಳಶಾಹಿಗೆ ಧಿಕ್ಕಾರ ಅಂತ ಬರೆಸಿದ ಧಣಿಗೇ ಅದನ್ನ ಓದಿ ಹೇಳಿದ ಹಾಗಾಯ್ತು.

ಸ್ಯಾನ್ ಫ್ರಾನ್ಸಿಸ್ಕೋ ಆರಕಲ್ ಅನ್ನೋ ಪೇಪರು ಬೇರೆ ಜಾತಿ. 1966ರಿಂದ 68ರೊಳಗೆ ಬಂದಿದ್ದೇ 12 ಸಂಚಿಕೆ. ಪ್ರೆಸ್ಸಿನ ಮಸಿ ತೊಟ್ಟಿಗೆ ಅಡ್ಡ ತಡೆ ಹಾಕಿ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಸುರಿಯೋರು, ರೋಲರ್ ತಿರುಗ್ತಾ ಬಣ್ಣ ಬೆರೆತು ಪುಟದ ಮೇಲೆ ಕಾಮನಬಿಲ್ಲು. ಸಾಲದು ಅಂತ ಕೆಲವು ಪ್ರತಿಗೆ ಮಲ್ಲಿಗೆ ಸೆಂಟು ಬೇರೆ ಹೊಡೀತಿದ್ರು. ಇದನ್ನ ಹೇಳಿದ್ದೇ ತಪ್ಪಾಯ್ತು, ಗುಂಡ ಪೇಪರಿಗೆ ಮೂಗು ತೂರಿಸಿ ಜೋರಾಗಿ ಎಳ್ಕೊಂಡ, ಅರವತ್ತು ವರ್ಷದ ಧೂಳು, ಆಮೇಲೆ ಹತ್ತು ನಿಮಿಷ ಸೀನಿದ.

"ಲಂಡನ್ನಲ್ಲಿ ಇನ್ನೂ ತಮಾಷೆ" ಅಂತ ಮೇಷ್ಟ್ರು ಕಾಲು ಮಡಚಿ ಕೂತ್ರು. ಇಂಟರ್‌ನ್ಯಾಷನಲ್ ಟೈಮ್ಸ್ ಅಂತ ಪೇಪರು, ಅದರ ಬಿಡುಗಡೆ ಪಾರ್ಟಿ 1966ರ ಅಕ್ಟೋಬರ್ 15ಕ್ಕೆ ರೌಂಡ್‌ಹೌಸ್‌ನಲ್ಲಿ, ಅಂದ್ರೆ ರೈಲ್ವೆ ಇಂಜಿನ್ ನಿಲ್ಲಿಸ್ತಿದ್ದ ಹಳೇ ಶೆಡ್ಡು. ಪಿಂಕ್ ಫ್ಲಾಯ್ಡ್, ಸಾಫ್ಟ್ ಮಷೀನ್ ನುಡಿಸಿದ್ರು. ಊಟಕ್ಕೆ ದೈತ್ಯಾಕಾರದ ಒಂದು ಜೆಲ್ಲಿ ಮಾಡ್ಸಿದ್ರು, ಅದು ಜನಕ್ಕೆ ಸಿಗೋ ಮುಂಚೆನೇ ಕುಸಿದುಬಿತ್ತು, ಪಿಂಕ್ ಫ್ಲಾಯ್ಡ್ ವ್ಯಾನು ಗುದ್ದಿತು ಅನ್ನೋರು ಕೆಲವರು, ಇಲ್ಲ ಬೇರೇನೋ ಆಯ್ತು ಅನ್ನೋರು ಕೆಲವರು. ಎರಡು ಸಾವಿರಕ್ಕೆ ಮೇಲೆ ಜನ, ಟಾಯ್ಲೆಟ್ ಎರಡೇ.

"ಯಾವನೋ ಗಂಡಸು ಆರ್ಗನೈಸ್ ಮಾಡಿರ್ತಾನೆ" ಅಂದ್ರು ಪದ್ಮಕ್ಕ.

"ಆ ಪಿಂಕ್ ಫ್ಲಾಯ್ಡ್ ರೋಜರ್ ವಾಟರ್ಸ್‌ನ 2002ರಲ್ಲಿ ಬೆಂಗ್ಳೂರು ಪ್ಯಾಲೇಸ್ ಗ್ರೌಂಡ್ಸಲ್ಲಿ ನಾನು ನೋಡಿದೀನಿ!" ಅಂತ ಗುಂಡ ಎದ್ದು ನಿಂತ. ಇದನ್ನ ನಾವು ಎಷ್ಟು ಸಲ ಕೇಳಿದೀವೋ ಲೆಕ್ಕ ಇಲ್ಲ, ಪ್ರತಿ ಸಲಾನೂ ಅವನು ಸ್ಟೇಜಿಗೆ ಇನ್ನೊಂದು ನಾಲ್ಕಡಿ ಹತ್ರ ಹೋಗಿರ್ತಾನೆ.

ಇಂಥಾ ಪೇಪರುಗಳು 1966ರಲ್ಲಿ ಅಂಡರ್‌ಗ್ರೌಂಡ್ ಪ್ರೆಸ್ ಸಿಂಡಿಕೇಟ್ ಅಂತ ಒಂದು ಕೂಟ ಮಾಡ್ಕೊಂಡ್ವು. ನಿಯಮ ಸುಲಭ, ನನ್ನದನ್ನ ನೀನು ಪುಕ್ಕಟೆ ಹಾಕ್ಕೋ, ನಿನ್ನದನ್ನ ನಾನು ಹಾಕ್ಕೋತೀನಿ. "ಫ್ಯಾಮಿಲಿ ವಾಟ್ಸ್ಆಪ್ ಗ್ರೂಪು" ಅಂದ ಸೀನ. ಒಳ್ಳೆ ಸುದ್ದಿನೂ ಹೀಗೇ ಹಬ್ಬಿತು, ಗಾಳಿಸುದ್ದಿನೂ ಹೀಗೇ. ದೊಡ್ಡ ಪೇಪರು ಬರೀದ ಯುದ್ಧದ ವಿಷ್ಯ ಎಷ್ಟೋ ಊರು ಸೇರಿದ್ದು ಈ ದಾರೀಲೇ, ಅದನ್ನ ನಾನು ನಗೆಯಾಡಲ್ಲ. ಆದ್ರೆ ಬಾಳೆಹಣ್ಣಿನ ಕಥೆಗೆ ನಗದೆ ಇರಕ್ಕಾಗಲ್ಲ.

1967ರ ಮಾರ್ಚು. ಬಾಳೆಹಣ್ಣಿನ ಸಿಪ್ಪೆ ಒಳಭಾಗ ಕೆರೆದು, ಕುದಿಸಿ, ಒಲೇಲಿ ಒಣಗಿಸಿ ಪುಡಿ ಮಾಡಿ ಸೇದಿದ್ರೆ ನಶೆ ಏರುತ್ತೆ ಅಂತ ಬಾರ್ಬಲ್ಲಿ ಬಂತು. ಕಂಟ್ರಿ ಜೋ ಅಂಡ್ ದ ಫಿಶ್ ಬ್ಯಾಂಡಿನ ಡ್ರಮ್ಮರ್‌ಗೆ ಹೊಳೆದ ಐಡಿಯಾ ಅಂತಾರೆ. ಊರೂರಿನ ಪೇಪರ್ ಎತ್ತಿ ಹಾಕಿದ್ವು, ದೊಡ್ಡ ಪೇಪರ್‌ಗಳೂ ಬಿಡ್ಲಿಲ್ಲ. ಅಮೆರಿಕದ ಸಂಸದ ಫ್ರಾಂಕ್ ಥಾಂಪ್ಸನ್ ಸಂಸತ್ತಲ್ಲೇ ಎದ್ದು ಬಾಳೆಹಣ್ಣಿಗೆ ಲೇಬಲ್ ಹಾಕೋ ಮಸೂದೆ ತರ್ತೀನಿ ಅಂತ ಗೇಲಿ ಮಾಡಿದ. ಆಹಾರ ಮತ್ತು ಔಷಧ ಇಲಾಖೆಯೋರು ಲ್ಯಾಬಲ್ಲಿ ಪರೀಕ್ಷೆ ಮಾಡಿ ಮೇ ತಿಂಗಳಲ್ಲಿ ಹೇಳಿದ್ರು: ಇದ್ರಲ್ಲಿ ಏನೂ ಇಲ್ಲ.

"ತಾತ ಸೇದಿದ್ರಾ?" ಅಂತ ಗುಂಡ ಪಿಸುಗುಟ್ಟಿದ.

"ಒಂದು ಡಜನ್ ಹಣ್ಣಿಂದು. ತಲೆ ತಿರುಗ್ಲಿಲ್ಲ, ಬರೀ ಕೆಮ್ಮು ಬಂತಂತೆ. ಹನ್ನೆರಡು ಹಣ್ಣೂ ದಂಡ ಆಗ್ಬಾರ್ದು ಅಂತ ಒಬ್ರೇ ತಿಂದು ಎರಡು ದಿನ ಹೊಟ್ಟೆ ಹಿಡ್ಕೊಂಡಿದ್ರಂತೆ."

"ಅಯ್ಯೋ, ನಾನು ಬಾಳೆಕಾಯಿ ಸಿಪ್ಪೆ ಚಟ್ನಿ ಮಾಡಕ್ಕೆ ಶುರು ಮಾಡಿ ಎಷ್ಟು ಕಾಲ ಆಯ್ತು, ಯಾರಿಗಾದ್ರೂ ಏನಾದ್ರೂ ಆಗಿದ್ಯಾ?" ಅಂದ್ರು ಪದ್ಮಕ್ಕ.

"ನಂಗೆ ಅದನ್ನ ತಿಂದ ದಿನ ಮಧ್ಯಾಹ್ನ ಕಣ್ಣೇ ಬಿಡಕ್ಕಾಗಲ್ಲ" ಅಂದ್ರು ಮೇಷ್ಟ್ರು, ಸ್ವಲ್ಪ ಗಂಭೀರವಾಗೇ.

"ಅದು ಸಿಪ್ಪೆಯಿಂದಲ್ಲ ರೀ, ಮೂರು ಸಲ ಅನ್ನ ಹಾಕಿಸ್ಕೋತೀರಲ್ಲ, ಅದ್ರಿಂದ."