ಶೀನಿ ಟಾಕೀಸು

ಶೀನಿಯ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಹೋಮ್ ಥಿಯೇಟರ್ ಇದೆ. ಮೂಲೆಯಿಂದ ಮೂಲೆಗೆ 120 ಇಂಚಿನ ತೆರೆ, ಹಿಂದಕ್ಕೆ ವಾಲುವ ಏಳು ಸೋಫಾ ಸೀಟು, ಕಾಡಿಗೆ ಬಳಿದಂಥ ಕಪ್ಪು ಸೂರು. ಎರಡೂವರೆ ವರ್ಷ ಶನಿವಾರ ಭಾನುವಾರ ಅನ್ನದೆ ಅವನೇ ಕೈಯಾರೆ ಕಟ್ಟಿದ್ದು. ಈ ಹರಟೆ ನಡೆದದ್ದು ಮಾತ್ರ ಅದರೊಳಗಲ್ಲ. ಅದರ ಗೋಡೆಯಾಚೆ, ಮನೆ ಬೆಚ್ಚಗಿಡುವ ಫರ್ನೇಸ್ ಇರುವ ಕೋಣೆಯಲ್ಲಿ. ಅಲ್ಲಿ ಗೋಡೆಗೆ ಬಣ್ಣವಿಲ್ಲ, ಸೂರು ಅನ್ನುವುದೂ ಇಲ್ಲ. ಕೂರಲು ಇರುವುದು ಡ್ರೈವಾಲ್‌ಗೆ, ಅಂದರೆ ಗೋಡೆಗೆ ಹೊಡೆಯುವ ಜಿಪ್ಸಮ್ ಹಾಳೆಗೆ, ಮೆತ್ತುವ ಪೇಸ್ಟಿನ ಖಾಲಿ ಬಕೆಟ್ಟುಗಳು. ಬೋರಲು ಹಾಕಿದರೆ ಒಳ್ಳೇ ಸ್ಟೂಲು.

ಫೆಬ್ರವರಿಯ ಶನಿವಾರ. ಡೆಟ್ರಾಯ್ಟ್ ಹತ್ತಿರದ ನಮ್ಮ ಊರಿನಲ್ಲಿ ಬೆಳಗಿನಿಂದ ಹಿಮ ಬೀಳುತ್ತಿತ್ತು. ಶೀನಿ, ಭಟ್ಟರು, ಗೌಡ್ರು, ನಾನು. ನಡುವೆ ಒಂದು ತಟ್ಟೆ ಕೋಡುಬಳೆ.

“ಅಲ್ಲಾ ಶೀನಿ, ಅಷ್ಟೊಂದು ದುಡ್ಡು ಸುರಿದು ಥಿಯೇಟರ್ ಕಟ್ಟಿ, ನಮ್ಮನ್ನ ತಂದು ಫರ್ನೇಸ್ ಪಕ್ಕ ಕೂರಿಸಿದ್ದೀಯಲ್ಲಪ್ಪಾ” ಎಂದರು ಗೌಡ್ರು.

“ಒಳಗೆ ಕೋಡುಬಳೆ ತರಬಾರದು ಗೌಡ್ರೇ. ಸೀಟಿನ ಸಂದಿಗೆ ಪುಡಿ ಹೋಗುತ್ತೆ.”

“ಹಾಗಾದರೆ ಕೋಡುಬಳೆ ಇರುವ ಕಡೆ ನಾವು” ಎಂದು ಭಟ್ಟರು ತೀರ್ಪು ಕೊಟ್ಟರು.

ಬೇಸ್‌ಮೆಂಟ್ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಕಾರಣ ಚಳಿ. ಮಿಶಿಗನ್‌ನಲ್ಲಿ ಪಾಯ 42 ಇಂಚು ಆಳಕ್ಕಾದರೂ ಇಳಿಯಬೇಕು. ಅದಕ್ಕಿಂತ ಮೇಲೇ ನಿಂತರೆ ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ, ಉಬ್ಬಿ, ಮನೆಯನ್ನೇ ಮೇಲಕ್ಕೆತ್ತುತ್ತದೆ. ಹೇಗೂ ಮೂರೂವರೆ ಅಡಿ ಅಗೆದಾಯ್ತು, ಇನ್ನೊಂದು ನಾಲ್ಕೈದು ಅಡಿ ಅಗೆದರೆ ಒಂದು ಅಂತಸ್ತೇ ಸಿಕ್ಕಿತಲ್ಲ ಎನ್ನುವ ಲೆಕ್ಕ. ಬಿಲ್ಡರ್ ಬರೀ ಕಾಂಕ್ರೀಟ್ ಗೋಡೆ, ಕಾಂಕ್ರೀಟ್ ನೆಲ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಮುಂದಿನದು ನಿಮ್ಮ ಹಣೆಬರಹ.

ಶೀನಿ ಮೊದಲು ಕಂಟ್ರಾಕ್ಟರನ್ನು ಕರೆಸಿದ್ದ. ಆತ ಬರೆದುಕೊಟ್ಟ ಮೊತ್ತ ನೋಡಿ ಶೀನಿಗೆ ಒಂದು ನಿಮಿಷ ಮಾತು ಹೊರಡಲಿಲ್ಲ. ಆಮೇಲೆ ಹೊರಟ ಮಾತು, “ನಾನೇ ಮಾಡ್ತೀನಿ.”

ಈ ಮಾತಿನ ತೂಕ ಗೊತ್ತಾಗಬೇಕಾದರೆ ಶೀನಿಯ ಹಾಸನದ ಮನೆ ಗೊತ್ತಿರಬೇಕು. ಅಲ್ಲಿ ಕ್ಯಾಲೆಂಡರ್ ಮೊಳೆ ಹೊಡೆಯಲಿಕ್ಕೂ ಹಿಂದಿನ ಬೀದಿಯ ಆಚಾರ್ರನ್ನು ಕರೆಸುತ್ತಿದ್ದರು. ಆಚಾರ್ರು ಊರಿಗೆ ಹೋದ ವರ್ಷ ಮಾರ್ಚ್‌ವರೆಗೆ ಹಳೆಯ ಕ್ಯಾಲೆಂಡರೇ ನೇತಾಡುತ್ತಿತ್ತಂತೆ.

“ನಾನು ಮಂಡ್ಯದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದೆ” ಎಂದರು ಗೌಡ್ರು. “ಇಲ್ಲಿ ಕೂತು ವಾಟ್ಸಾಪ್‌ನಲ್ಲೇ. ಒಂದು ಇಟ್ಟಿಗೆ ಮುಟ್ಟಲಿಲ್ಲ. ಎಂಟೇ ತಿಂಗಳು. ನೀನು ಒಂದು ರೂಮಿಗೆ ಎರಡೂವರೆ ವರ್ಷ ತಗೊಂಡೆ.”

“ನಿಮ್ಮ ಮನೇಲಿ ಬಾತ್‌ರೂಮ್ ಬಾಗಿಲು ತೆರೆದರೆ ಕಮೋಡಿಗೆ ಬಡಿಯುತ್ತೆ ಅಂತ ನೀವೇ ಹೇಳಿದ್ರಿ.”

“ಅದು ಮೇಸ್ತ್ರಿ ತಪ್ಪು. ಅದೇ ಅನುಕೂಲ ನೋಡು. ತಪ್ಪು ಹೊರಿಸೋಕೆ ಒಬ್ಬ ಇರ್ತಾನೆ. ನಿನಗೆ ಯಾರಿದ್ದಾರೆ?”

ಶೀನಿ ನನ್ನ ಕಡೆ ನೋಡಿದ. ನಾನು ಕೋಡುಬಳೆ ಕಡೆ ನೋಡಿದೆ. ಮೊದಲ ದಿನದಿಂದ ಅವನ ಕೂಲಿಯಾಳು ನಾನೇ.

ಮೊದಲ ಕೆಲಸ ತೇವದ ಪರೀಕ್ಷೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಬೇಕು. ಅಡಿಯಲ್ಲಿ ಹನಿಗಟ್ಟಿದರೆ ನೆಲದಿಂದ ತೇವ ಏಳುತ್ತಿದೆ ಎಂದರ್ಥ. ಒಂದು ದಿನದ ಪರೀಕ್ಷೆಯನ್ನು ಶೀನಿ ಒಂದು ತಿಂಗಳು ಮಾಡಿದ, ಧೈರ್ಯ ಸಾಲದೆ. ದಿನಾ ಬೆಳಿಗ್ಗೆ ಮಂಡಿಯೂರಿ ನೋಡುವುದು. ಆಗ ಹಾಸನದಿಂದ ಬಂದಿದ್ದ ಅವನ ಅಮ್ಮ, ಮಗ ನೆಲಕ್ಕೆ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು ಸಂತೋಷಪಟ್ಟರು. ನೆಲದಡಿ ಸೇರುವ ನೀರನ್ನು ಹೊರಗೆ ಎತ್ತಿಹಾಕುವ ಸಂಪ್ ಪಂಪಿನ ಗುಂಡಿ ತೋರಿಸಿದಾಗ ಅವರ ಪ್ರಶ್ನೆ ಒಂದೇ. “ಮನೆಯೊಳಗೇ ಬಾವಿ ತೋಡಿದ್ದಾರಲ್ಲೋ. ಈಶಾನ್ಯದಲ್ಲಿದೆಯಾ?” ಫೋನಿನ ದಿಕ್ಸೂಚಿ ತೆಗೆದು ನೋಡಿದೆವು. ಈಶಾನ್ಯದಲ್ಲೇ ಇತ್ತು. “ಹಾಗಾದರೆ ಧೈರ್ಯವಾಗಿ ಮಾಡು” ಎಂದರು. ಅವತ್ತೇ ಪ್ಲಾಸ್ಟಿಕ್ ಕಿತ್ತೆವು.

“ಆಮೇಲೆ ಆ ಮರದ ಮೋಸ” ಎಂದು ಭಟ್ಟರು ನೆನಪಿಸಿದರು.

ಇಲ್ಲಿ ಗೋಡೆಯ ಅಸ್ಥಿಪಂಜರಕ್ಕೆ ಬಳಸುವ ಮರಕ್ಕೆ ಟೂ ಬೈ ಫೋರ್ ಎನ್ನುತ್ತಾರೆ. ಎರಡು ಇಂಚು, ನಾಲ್ಕು ಇಂಚು ಎಂದಲ್ಲವೇ ನೀವು ತಿಳಿಯುವುದು? ಟೇಪು ಹಿಡಿದರೆ ಒಂದೂವರೆ, ಮೂರೂವರೆ. ಹಸಿ ಮರ ಒಣಗಿ, ಹತ್ರಿ ಹೊಡೆದು ನಯ ಮಾಡುವಷ್ಟರಲ್ಲಿ ಎರಡೂ ಅಳತೆಯಲ್ಲಿ ಅರ್ಧರ್ಧ ಇಂಚು ಹೋಗಿರುತ್ತದೆ. ಹೆಸರು ಮಾತ್ರ ಹಳೆಯದು. ಶೀನಿ ಎಕ್ಸೆಲ್ಲಿನಲ್ಲಿ ಗೋಡೆಯ ಲೆಕ್ಕವನ್ನೆಲ್ಲ ಪೂರ್ತಿ ನಾಲ್ಕು ಇಂಚಿಗೆ ಹಾಕಿದ್ದ. ಅಂಗಡಿಯಲ್ಲಿ ಟೇಪು ಹಿಡಿದು, “ಇದು ಕಮ್ಮಿ ಇದೆ” ಎಂದು ಜಗಳಕ್ಕೆ ನಿಂತ. ಅಲ್ಲಿನ ಹುಡುಗ ಪಾಪ, ಇಂಥವರನ್ನು ದಿನಾ ನೋಡಿರಬೇಕು. ನಗಲಿಲ್ಲ.

“ನಮ್ಮಲ್ಲಿ ಸುಲಿದ ಅಡಿಕೆಗೆ ಸಿಪ್ಪೆಯ ತೂಕವೂ ಸೇರಿಸಿ ದುಡ್ಡು ಕೇಳಿದರೆ ಕೊಡ್ತಾರಾ ಮಾರಾಯ?” ಎಂದು ಭಟ್ಟರು ಈಗಲೂ ಸಿಟ್ಟಾದರು. ಅವರದು ಪುತ್ತೂರಿನ ಕಡೆ.

ಕೋಣೆಯ ಮಧ್ಯದ ಕಬ್ಬಿಣದ ಕಂಬದ ವಿಷಯ ಬಂತು. ಮೇಲಿನ ಇಡೀ ಮನೆಯ ತೊಲೆ ಅದರ ಮೇಲೆ ನಿಂತಿದೆ. ತೆಗೆಯುವ ಹಾಗಿಲ್ಲ. ಸರಿಯಾಗಿ ಎರಡನೇ ಸಾಲಿನ ನಡುವಿನ ಸೀಟಿನ ಎದುರಿಗೆ.

“ಟೆಂಟ್ ಟಾಕೀಸಿನಲ್ಲಿ ಕಂಬದ ಹಿಂದೆ ಕೂತು ಅರ್ಧರ್ಧ ಹೀರೋಯಿನ್ ನೋಡಿ ಬೆಳೆದವರು ನಾವು. ಇದೊಂದು ಲೆಕ್ಕವಾ?” ಎಂದರು ಗೌಡ್ರು. ಹಾಗೆಂದವರು ಅವರೇ. ಆದರೂ ಆ ಸೀಟಿನಲ್ಲಿ ಅವರು ಒಮ್ಮೆಯೂ ಕೂತಿಲ್ಲ. ನನ್ನನ್ನೇ ಕೂರಿಸುತ್ತಾರೆ.

ಡ್ರೈವಾಲ್ ಹಾಕುವ ಮುಂಚೆ ಊರಿನ ಇನ್‌ಸ್ಪೆಕ್ಟರ್ ಬಂದು, ಮರದ ಚೌಕಟ್ಟು, ವೈರಿಂಗ್ ನೋಡಿ ಸಹಿ ಹಾಕಬೇಕು. ಸ್ವಂತ ಮನೆಯಾದರೆ ಪರ್ಮಿಟ್ ತೆಗೆದುಕೊಂಡು ವೈರಿಂಗನ್ನೂ ನಾವೇ ಮಾಡಬಹುದು. ಶೀನಿ ಥಿಯೇಟರಿಗೆಂದೇ 20 ಆಂಪಿಯರ್‌ನ ಬೇರೆ ಲೈನ್ ಎಳೆದು, ಈ ಫರ್ನೇಸ್ ರೂಮಿನ ಪ್ಯಾನೆಲ್‌ನಲ್ಲಿ ಅದರ ಬ್ರೇಕರ್ ಮೇಲೆ ಕನ್ನಡದಲ್ಲಿ “ಟಾಕೀಸು” ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ ಅದನ್ನು ಓದಲು ಬಹಳ ಹೊತ್ತು ಪ್ರಯತ್ನ ಮಾಡಿದ. ಶೀನಿಯ ಹೆಂಡತಿ ಸುಮಾ ತಟ್ಟೆಯಲ್ಲಿ ಚಕ್ಕುಲಿ ತಂದರು. ಆತ ಎರಡು ಹೆಜ್ಜೆ ಹಿಂದೆ ಸರಿದ. ಚಕ್ಕುಲಿ ಮುಟ್ಟಲಿಲ್ಲ. ಬೆಂಕಿ ಗೋಡೆಯೊಳಗಿಂದ ಸೂರಿಗೆ ಹತ್ತದ ಹಾಗೆ ನಡುನಡುವೆ ಕಟ್ಟಬೇಕಾದ ಅಡ್ಡಮರ ಎಲ್ಲಿ ಎಂದು ಕೇಳಿದ. ಇರಲಿಲ್ಲ. ಫೇಲ್.

“ಚಕ್ಕುಲಿ ಮೆತ್ತಗಾಗಿತ್ತೇನೋ” ಎಂದರು ಗೌಡ್ರು. ಮಂಡ್ಯದ ಮನೆಗೆ ಅವರು ಯಾರಿಗೆ ಏನು ಕೊಟ್ಟರೋ ನಾವು ಕೇಳಲಿಲ್ಲ.

ಇನ್ನು ಶಬ್ದ. ಶೀನಿಯ ತಲೆ ಕೆಟ್ಟದ್ದೇ ಇಲ್ಲಿ. ಸಿನಿಮಾದ ಸದ್ದು ಮೇಲೆ ಹೋಗಬಾರದು, ಮೇಲಿನ ಮಿಕ್ಸಿಯ ಸದ್ದು ಕೆಳಗೆ ಬರಬಾರದು. ಅದಕ್ಕೆ ಮರದ ಸಂದಿಗಳಿಗೆಲ್ಲ ಕಲ್ಲಿನ ಉಣ್ಣೆ ತುಂಬಿಸಿದ. ಕಲ್ಲು ಕರಗಿಸಿ ನೂಲಿನ ಹಾಗೆ ಎಳೆದು ಮಾಡುವ ಉಣ್ಣೆ ಅದು. ಅದರ ಮೇಲೆ ಒಂದು ಪದರ ಡ್ರೈವಾಲ್, ಆಮೇಲೆ ಪೂರ್ತಿ ಗಟ್ಟಿಯಾಗದ ಒಂದು ಥರದ ಅಂಟು, ಅದರ ಮೇಲೆ ಇನ್ನೊಂದು ಪದರ. ಸದ್ದಿಗೆ ಗೋಡೆ ಅದುರಬೇಕಲ್ಲ? ನಡುವಿನ ಅಂಟು ಆ ಅದುರನ್ನು ನುಂಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಾಲ್ಕಡಿ ಅಗಲ ಎಂಟಡಿ ಉದ್ದದ ದಪ್ಪ ಹಾಳೆಗೆ ಮೂವತ್ತು ಕಿಲೋ ಮೇಲೆ ತೂಕ. ಸೂರಿಗೂ ಎರಡೆರಡು ಪದರ. ಹಾಳೆ ಎತ್ತುವ ಯಂತ್ರ ಬಾಡಿಗೆಗೆ ಸಿಗುತ್ತದೆ ಎಂದು ನಮಗೆ ಗೊತ್ತಾದದ್ದು ಹನ್ನೊಂದನೇ ಹಾಳೆಯ ಹೊತ್ತಿಗೆ. ಅಲ್ಲಿಯವರೆಗೆ ತಲೆಯ ಮೇಲೆ ಹಾಳೆ ಹೊತ್ತು ನಿಂತವನು ನಾನು. ಗೋವರ್ಧನ ಎತ್ತಿದ ಕೃಷ್ಣನದು ದೊಡ್ಡ ಸಾಹಸವೇ. ಆದರೆ “ಅಲ್ಲಾಡಬೇಡ, ಸ್ಕ್ರೂ ಕೆಳಗೆ ಬಿತ್ತು, ಹುಡುಕ್ತೀನಿ ಇರು” ಎಂದು ಅವನಿಗೆ ಯಾರೂ ಹೇಳಲಿಲ್ಲ.

ಪೇಸ್ಟ್ ಮೆತ್ತಿ ಉಜ್ಜಿದ ದಿನಗಳನ್ನು ಬಿಟ್ಟುಬಿಡುತ್ತೇನೆ. ಮೂರು ಕೋಟು. ಮೂರು ಸಲವೂ ನಾವು ಮೈತುಂಬ ವಿಭೂತಿ ಬಳಿದ ಬೈರಾಗಿಗಳ ಹಾಗೆ ಮೇಲೆ ಬಂದೆವು. ಸುಮಾ ನಮ್ಮನ್ನು ಗರಾಜಿನಲ್ಲೇ ನಿಲ್ಲಿಸಿ ಊಟ ಹಾಕಿದರು.

“ಕೇಬಲ್ ಕಥೆ ಹೇಳೋ” ಎಂದರು ಭಟ್ಟರು. ಹತ್ತನೇ ಸಲ ಕೇಳುವುದು. ಆದರೂ ಕಣ್ಣರಳಿಸಿ ಕೂತರು.

ಪ್ಲೇಯರ್ ಮುಂತಾದ ಪೆಟ್ಟಿಗೆಗಳೆಲ್ಲ ಮುಂದಿನ ಮೂಲೆಯಲ್ಲಿ. ಪ್ರೊಜೆಕ್ಟರ್ ಹಿಂದೆ ಸೂರಿನಲ್ಲಿ. ನಡುವೆ ಚಿತ್ರ ಒಯ್ಯಲು 50 ಅಡಿ ಎಚ್‌ಡಿಎಂಐ ಕೇಬಲ್. ಅಷ್ಟು ದೂರಕ್ಕೆ ಮಾಮೂಲಿ ತಾಮ್ರದ ಕೇಬಲ್ಲಿನಲ್ಲಿ 4ಕೆ ಚಿತ್ರ ಸರಿಯಾಗಿ ಹೋಗುವುದಿಲ್ಲ. ಅದಕ್ಕೆ ಗಾಜಿನ ಎಳೆಯ ಕೇಬಲ್. ಒಂದು ತುದಿಯ ಚಿಪ್ ಕರೆಂಟನ್ನು ಬೆಳಕು ಮಾಡುತ್ತದೆ, ಇನ್ನೊಂದು ತುದಿಯದು ಬೆಳಕನ್ನು ಕರೆಂಟು ಮಾಡುತ್ತದೆ. ಶೀನಿ ಅದನ್ನು ಎಳೆದು, ಅಡಿಗೊಂದು ಕ್ಲಿಪ್ಪು ಹೊಡೆದು, ಎರಡು ಪದರ ಸೂರು ಮುಚ್ಚಿ, ಕಪ್ಪು ಬಣ್ಣವನ್ನೂ ಬಳಿದ. ಗಣೇಶನ ಪೂಜೆ ಮಾಡಿ, ತೆಂಗಿನಕಾಯಿ ಒಡೆದು ಸ್ವಿಚ್ ಹಾಕಿದರೆ, ತೆರೆಯ ತುಂಬ “ನೋ ಸಿಗ್ನಲ್”.

ಅಲ್ಲಿದ್ದವರಲ್ಲಿ ಮೂವರು ಸಾಫ್ಟ್‌ವೇರ್‌ನವರು. ಮೂವರೂ ಒಟ್ಟಿಗೆ, “ಆಫ್ ಮಾಡಿ ಆನ್ ಮಾಡು” ಎಂದೆವು. ಎರಡು ದಿನ ಅದನ್ನೇ ಮಾಡಿದೆವು. ಹೊಸ ಪ್ಲೇಯರ್ ತಂದೆವು. ಕೊನೆಗೆ ಶೀನಿಯ ಒಂಬತ್ತು ವರ್ಷದ ಮಗಳು ಏಣಿ ಹತ್ತಿ ಪ್ರೊಜೆಕ್ಟರ್ ಕಡೆಯ ಪ್ಲಗ್ಗನ್ನು ಓದಿದಳು. “ಅಪ್ಪಾ, ಇಲ್ಲಿ ಸೋರ್ಸ್ ಅಂತ ಬರೆದಿದೆ.”

ಆ ಕೇಬಲ್ ಒನ್‌ವೇ. ಸೋರ್ಸ್ ಎಂದು ಬರೆದ ತುದಿ ಪ್ಲೇಯರ್ ಕಡೆ ಇರಬೇಕು. ಶೀನಿ ತಿರುಗುಮುರುಗು ಎಳೆದಿದ್ದ.

“ಒನ್‌ವೇನಲ್ಲಿ ಉಲ್ಟಾ ನುಗ್ಗೋದು ಬೆಂಗಳೂರಲ್ಲಿ ದಿನಾ ನಡೆಯುತ್ತೆ” ಎಂದರು ಗೌಡ್ರು. “ನಾನು ಅವತ್ತೇ ದಾರಿ ಹೇಳಿದೆ. ಪೆಟ್ಟಿಗೆಗಳನ್ನ ಹಿಂದೆ ಇಡು, ಪ್ರೊಜೆಕ್ಟರ್ ಮುಂದೆ ಹಾಕು.”

“ಆಗ ಸಿನಿಮಾ ಹಿಂದಿನ ಗೋಡೆ ಮೇಲೆ ಬೀಳುತ್ತಲ್ಲ ಗೌಡ್ರೇ.”

“ಸೀಟು ತಿರುಗಿಸು!”

ಶೀನಿ ಸೀಟು ತಿರುಗಿಸಲಿಲ್ಲ. ಸೂರು ಕತ್ತರಿಸಿದ. ಈ ಸಲ ಮೊದಲು ನೀಲಿ ಕೊಳವೆ ಹಾಕಿ ಅದರೊಳಗೆ ಕೇಬಲ್ ಎಳೆದ. ಮೊದಲೇ ಹಾಕಿದ್ದರೆ ಎಳೆದು ಸರಿಮಾಡಲು ಹತ್ತು ನಿಮಿಷ ಸಾಕಿತ್ತು. ಮನೆ ಕಟ್ಟುವವರಿಗೆ ಅವನು ಈಗ ಮೊದಲು ಹೇಳುವುದೇ ಇದು. ನಮಸ್ಕಾರಕ್ಕೂ ಮುಂಚೆ.

ಸ್ಪೀಕರ್‌ಗಳದು 7.2.4. “ಇದೇನಪ್ಪ, ಐಪಿ ಅಡ್ರೆಸ್ಸಾ?” ಎಂದು ಭಟ್ಟರು ಮೊದಲ ದಿನವೇ ಕೇಳಿದ್ದರು. ಸುತ್ತ ಏಳು, ಸೂರಿನಲ್ಲಿ ನಾಲ್ಕು, ಗುಡುಗುವ ಸಬ್‌ವೂಫರ್ ಎರಡು. ಈ ಸಬ್‌ವೂಫರ್ ಎಲ್ಲಿಡಬೇಕು ಎಂಬುದಕ್ಕೆ ಒಂದು ಪದ್ಧತಿಯಿದೆ. ತಮಾಷೆಯಲ್ಲ, ಗೊತ್ತಿದ್ದವರು ಮಾಡುವುದೇ ಹೀಗೆ. ನೀವು ಕೂರುವ ಸೀಟಿನ ಮೇಲೆ ಸಬ್‌ವೂಫರ್ ಕೂರಿಸಬೇಕು. ಗುಂಯ್‌ಗುಡುವ ಸಂಗೀತ ಹಾಕಬೇಕು. ನೀವು ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಹೋಗಬೇಕು. ತಗ್ಗಿನ ಸ್ವರದ ಅಲೆ ಬಹಳ ಉದ್ದ. 40 ಹರ್ಟ್ಸ್‌ದು ಹತ್ತಿರ ಹತ್ತಿರ 28 ಅಡಿ. ಗೋಡೆಗೆ ಬಡಿದು ಮರಳಿ ಬಂದು ಒಂದು ಕಡೆ ಎರಡರಷ್ಟಾಗುತ್ತದೆ, ಇನ್ನೊಂದು ಕಡೆ ಮಾಯ. ನೀವು ತೆವಳುವಾಗ ಎಲ್ಲಿ ಚೆನ್ನಾಗಿ ಕೇಳಿಸಿತೋ ಅಲ್ಲಿ ಪೆಟ್ಟಿಗೆ ಇಟ್ಟರೆ ಸೀಟಿನಲ್ಲೂ ಹಾಗೇ ಕೇಳುತ್ತದೆ. ಶೀನಿ ಹೀಗೆ ಕಿವಿ ಚಾಚಿಕೊಂಡು ತೆವಳುತ್ತಿದ್ದಾಗ ಮಗಳು ಹಾಸನಕ್ಕೆ ವಿಡಿಯೋ ಕಾಲ್ ಮಾಡಿಬಿಟ್ಟಳು. ಅಮ್ಮ ಅರ್ಧ ನಿಮಿಷ ನೋಡಿ, “ಸೊಂಟ ಹಿಡಿದಿದ್ದರೆ ಬಿಸಿನೀರಿನ ಶಾಖ ಕೊಡಿ. ಆ ಕುರ್ಚಿ ಮೇಲೆ ಕೂರಿಸಿರುವುದು ಯಾರನ್ನ?” ಎಂದರು.

“ಇಷ್ಟೆಲ್ಲ ಮಾಡಿ ನೀನು ನೋಡೋದು ಏನು?” ಎಂದು ನಾನು ಕೇಳಿದೆ. ನನಗೆ ಉತ್ತರ ಗೊತ್ತಿತ್ತು.

ಶೀನಿ ನೋಡುವುದು ಅರವತ್ತರ ದಶಕದ ಕಪ್ಪುಬಿಳುಪು ಕನ್ನಡ ಸಿನಿಮಾ. ಆಗಿನ ಧ್ವನಿ ಮೋನೋ. ಹಾಗಾಗಿ ನಡುವಿನ ಒಂದು ಸ್ಪೀಕರ್ ಮಾತ್ರ ಮಾತಾಡುತ್ತದೆ. ಉಳಿದ ಹತ್ತು, ಮದುವೆಗೆ ಬಂದು ಯಾರ ಪರಿಚಯವೂ ಇಲ್ಲದ ನೆಂಟರ ಹಾಗೆ ಸುಮ್ನೆ ಕೂತಿರುತ್ತವೆ. ಚಿತ್ರವೂ ಹೆಚ್ಚುಕಡಿಮೆ ಚೌಕ. ಅಗಲ ತೆರೆಯ ಎಡಬಲದಲ್ಲಿ ಒಂದೊಂದಡಿಗೂ ಜಾಸ್ತಿ ಖಾಲಿ.

“ಆ ಒಂದು ಸ್ಪೀಕರ್ ಎಷ್ಟು ಸ್ಪಷ್ಟ ಗೊತ್ತಾ?” ಎಂದ ಶೀನಿ. ಅದೂ ನಿಜವೇ. ಆದರೆ ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ಅವನು ಎದ್ದು, ಎರಡು ಡೆಸಿಬೆಲ್ ಜಾಸ್ತಿ ಆಯ್ತು ಎಂದು ರಿಮೋಟ್ ಹುಡುಕುತ್ತಾನೆ. ಮಾತಾಡಿದರೆ ಶ್ಶ್ ಎನ್ನುತ್ತಾನೆ. ಮಾತಾಡದೆ ಸಿನಿಮಾ ನೋಡುವುದು ನಮ್ಮಿಂದ ಆಗುವ ಕೆಲಸವೇ? ಕತ್ತಲು, ಮೆತ್ತನೆ ಸೀಟು, ನಿಶ್ಶಬ್ದ. ಹತ್ತನೇ ನಿಮಿಷಕ್ಕೆ ಗೊರಕೆ. ಗೊರಕೆ ಮಾತ್ರ ಆ ಕೋಣೆಯಲ್ಲಿ ಬಹಳ ಚೆನ್ನಾಗಿ ಕೇಳಿಸುತ್ತದೆ.

“ಆ ವಿಷಯಕ್ಕೆ ಬಂದರೆ, ನಾನು ಹೋಗಿ ಸ್ವಲ್ಪ ಸಿನಿಮಾ ನೋಡ್ತೀನಿ” ಎಂದು ಗೌಡ್ರು ಆಕಳಿಸಿ ಎದ್ದರು. ಆರಡಿ ಎರಡಂಗುಲದ ಆಳು. ಹಿಂದಿನ ಸಾಲಿನ ವೇದಿಕೆ ಹತ್ತುವಾಗ ಏಸಿ ಡಕ್ಟ್ ಮುಚ್ಚಿದ ಪೆಟ್ಟಿಗೆಗೆ ತಲೆ ಹೊಡೆದುಕೊಂಡ ಸದ್ದು, ಬಾಗಿಲು ಮುಚ್ಚುವ ಮೊದಲು ನಮಗೆ ಕೇಳಿಸಿದ ಕೊನೆಯ ಸದ್ದು.

ಸಂಪ್ ಪಂಪ್ ಒಮ್ಮೆ ಗೊರಗೊರ ಎಂದು ನಿಂತಿತು. ಭಟ್ಟರು ಪುತ್ತೂರಿನ ಮಳೆಗಾಲಕ್ಕೆ ಮಾತು ತಿರುಗಿಸಿದರು. ಪಕ್ಕದಲ್ಲಿ ಹದಿಮೂರು ಪೆಟ್ಟಿಗೆಯ ಟಾಕೀಸು ಓಡುತ್ತಿದ್ದರೂ ನಮಗೆ ಕೇಳಿಸುತ್ತಿದ್ದದ್ದು ಕೋಡುಬಳೆ ಕಟುಂ ಎನ್ನುವುದೊಂದೇ.

ಮೆಟ್ಟಿಲಿಳಿದು ಸುಮಾ ಬಂದರು. ಕೈಯಲ್ಲಿ ಸೌಟು.

“ರೀ, ನಾಲ್ಕು ಸಲ ಕೂಗಿದೆ. ಎರಡು ಸಲ ಫೋನ್ ಮಾಡಿದೆ.”

“ಕೆಳಗೆ ಸಿಗ್ನಲ್ ಸಿಗಲ್ಲ ಕಣೇ” ಎಂದ ಶೀನಿ.

“ಕೂಗಿದರೆ ಕೇಳಲ್ಲ, ಫೋನ್ ತಾಗಲ್ಲ. ಇದಕ್ಕೆ ಎರಡೂವರೆ ವರ್ಷ.” ಸುಮಾ ನೇರ ಪ್ಯಾನೆಲ್ ಹತ್ತಿರ ಹೋದರು. ಬಾಗಿಲು ತೆರೆದರು. “ಟಾಕೀಸು” ಎಂದು ಬರೆದ ಬ್ರೇಕರನ್ನು ಟಪ್ ಎಂದು ಇಳಿಸಿದರು. “ಇಂಟರ್‌ವಲ್. ಸಾರು ಆರುತ್ತಿದೆ, ಬನ್ನಿ.”

“ಅತ್ತಿಗೆ, ಒಳಗೆ ಗೌಡ್ರಿದ್ದಾರೆ” ಎಂದೆ ನಾನು.

ನಾವೆಲ್ಲ ಗೋಡೆಯ ಕಡೆ ಕಿವಿಗೊಟ್ಟು ನಿಂತೆವು. ಆ ಕತ್ತಲಲ್ಲಿ ಅವರು ಖಂಡಿತ ಕೂಗಿರಬೇಕು. ಒಂದು ಚೂರೂ ಕೇಳಿಸಲಿಲ್ಲ.

ಶೀನಿಯ ಮುಖದಲ್ಲಿ ಅಂಥ ನಗುವನ್ನು ನಾನು ಆ ಎರಡೂವರೆ ವರ್ಷದಲ್ಲಿ ನೋಡಿರಲಿಲ್ಲ.