ದಂಡ ಕಟ್ಟಿದ ಮೇಲೂ ಮರಳು ಕೇಸು ಉಳಿಯುತ್ತದಾ?

ಗುರುಪುರ ಹೊಳೆಬದಿ: ನೇತ್ರಾವತಿಯಿಂದ ಪರ್ಮಿಟ್ ಇಲ್ಲದೆ ಮರಳು ತಂದ ಟಿಪ್ಪರ್ ಸಿಕ್ಕಿಬಿದ್ದರೆ ಗಣಿ ಇಲಾಖೆಗೆ ದಂಡ ಕಟ್ಟಿದರಾಯ್ತು, ಅಲ್ಲಿಗೆ ಮುಗೀತು ಅಂತ ಲಾರಿಯವರು ಹೇಳುದು. ಹಾಗಾದ್ರೆ ಪೊಲೀಸರ ಎಫ್‌ಐಆರ್ ಎಂತಕ್ಕೆ?

ಕೋರ್ಟ್‌ರೋಡ್: ಅರ್ಧ ಮಾತ್ರ ಸರಿ ಮಾರಾಯ್ರೆ. ಒಂದೇ ಲೋಡಿಗೆ ಎರಡು ಅಪರಾಧ. ಮೊದಲನೆಯದು 1957ರ ಗಣಿ ಮತ್ತು ಖನಿಜ ಕಾಯ್ದೆಯ ಕಲಂ 21: 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ. ಮರಳು ಉಪಖನಿಜ (ರಾಜ್ಯವೇ ನಿಯಮ ಮಾಡುವ ಖನಿಜ), ಹಾಗಾಗಿ ಪರ್ಮಿಟ್ ನಿಯಮ ರಾಜ್ಯದ್ದು (1994), ಜೈಲಿನ ಕಲಂ ಕೇಂದ್ರದ್ದು. ಅದೇ ಕೇಂದ್ರ ಕಾಯ್ದೆಯ 23ಎ ಪ್ರಕಾರ ದಂಡ ಕಟ್ಟಿ ರಾಜಿಯಾಗುವುದು ಇದೊಂದಕ್ಕೇ. ಇನ್ನೊಂದು ಸರ್ಕಾರದ ಸೊತ್ತಿನ ಕಳವು: ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 303(2), ಹಳೆಯ ಐಪಿಸಿ 379, 3 ವರ್ಷದವರೆಗೆ ಜೈಲು. ಆ ರಾಜಿ ಇದಕ್ಕೆ ತಾಗುವುದಿಲ್ಲ ಅಂತ 2020ರ ಜಯಂತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಸ್ವರ್ಣಾ ದಡ: ಗಣಿ ಕಾಯ್ದೆಯ ಕಲಂ 22 ಉಂಟಲ್ಲ ಸರ್? ಅಧಿಕೃತ ಅಧಿಕಾರಿಯ ಲಿಖಿತ ದೂರು ಇಲ್ಲದೆ ಕೋರ್ಟು 21ನ್ನು ವಿಚಾರಣೆಗೆ ತಗೊಳ್ಳುವ ಹಾಗಿಲ್ಲ. ಪೊಲೀಸರು ಎರಡನ್ನೂ ಒಂದೇ ಚಾರ್ಜ್‌ಶೀಟಿನಲ್ಲಿ ತುರುಕಿದರೆ ಕೇಸು ಬಿತ್ತು.

ಕೋರ್ಟ್‌ರೋಡ್: 21ರ ಭಾಗ ಬೀಳುತ್ತದೆ, ಕೇಸು ಅಲ್ಲ. ಕಳವಿನ ಭಾಗ ನಿಲ್ಲುತ್ತದೆ (ದೆಹಲಿ ಸರ್ಕಾರ ವಿರುದ್ಧ ಸಂಜಯ್, 2014). ಗಣಿ ಇಲಾಖೆಯ ದೂರು ಬೇರೆಯೇ, ವಿಶೇಷ ನ್ಯಾಯಾಲಯಕ್ಕೆ ಹೋಗಬೇಕು. ಆ ದೂರು ಹಾಕದೆ ಸುಮ್ಮನೆ ಕೂರುವುದೇ ದೊಡ್ಡ ತಾಪತ್ರಯ.

ಮಹಜರು ಓದಿ: ಬೆಲೆಯ ಮಾತು ಯಾರೂ ಎತ್ತಲಿಲ್ಲ. ಸೊತ್ತು 5,000 ರೂಪಾಯಿಗಿಂತ ಕಡಿಮೆಯಾದರೆ 303(2) ಅಸಂಜ್ಞೇಯ (ಪೊಲೀಸರು ತಾವಾಗಿ ತನಿಖೆ ಮಾಡುವ ಹಾಗಿಲ್ಲದ್ದು), ಜಾಮೀನು ಕೊಡಲೇಬೇಕಾದ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ತನಿಖೆಯೇ ಇಲ್ಲ. ಮೊದಲ ಸಲದವನು ಬೆಲೆ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಪಿಕಪ್ ಲೋಡಿಗೆ ಮಹಜರಿನಲ್ಲಿ "ಅಂದಾಜು 1 ಯೂನಿಟ್" ಅಂತ ಗೀಚಿದರೆ ಸಾಕಾ? ಯೂನಿಟ್ ಅಂದರೆ 100 ಘನ ಅಡಿ. 10 ಅಡಿ ಉದ್ದ, 6 ಅಡಿ ಅಗಲದ ಬಾಡಿಯಲ್ಲಿ ಮರಳಿನ ಎತ್ತರ ಅರ್ಧ ಅಡಿ ಹೆಚ್ಚುಕಮ್ಮಿ ಆದರೆ 30 ಘನ ಅಡಿ ವ್ಯತ್ಯಾಸ, ಬೆಲೆ 5,000ದ ಆಚೆಯೋ ಈಚೆಯೋ ಎಂಬುದೇ ಬದಲಾಗಬಹುದು. ಟೇಪ್ ಹಿಡಿದು ಮೂರೂ ಅಳತೆ ಬರೆಯಬೇಕು, ದರ ಯಾವ ಆಧಾರದ್ದು ಅಂತಲೂ ಬರೆಯಬೇಕು.

ಸ್ವರ್ಣಾ ದಡ: ಚೆನ್ನಾಗಿ ಹಿಡಿದಿರಿ. ಆದರೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 174(4) ನೋಡಿ, ಜೊತೆಗೆ ಒಂದು ಸಂಜ್ಞೇಯ ಅಪರಾಧ ಇದ್ದರೆ ಇಡೀ ಪ್ರಕರಣ ಸಂಜ್ಞೇಯ. ಕಲಂ 21 ಸಂಜ್ಞೇಯವೇ.

ಮಹಜರು ಓದಿ: ಹಾಗಾದರೆ ಎಫ್‌ಐಆರಿನಲ್ಲಿ 21 ಇಲ್ಲದೆ ಬರೀ 303(2) ಇದ್ದಾಗ ನನ್ನ ವಾದ ನಿಲ್ಲುತ್ತದೆ.

ಗುರುಪುರ ಹೊಳೆಬದಿ: ಸಿಕ್ಕಿದ ಕೂಡಲೇ ಒಳಗೆ ಹಾಕ್ತಾರಾ?

ಕೋರ್ಟ್‌ರೋಡ್: ಹಾಕಲೇಬೇಕು ಅಂತಿಲ್ಲ. ಎರಡೂ 7 ವರ್ಷದ ಒಳಗಿನ ಶಿಕ್ಷೆಯವು, ಸಾಮಾನ್ಯವಾಗಿ ಹಾಜರಾಗಲು ಬಿಎನ್‌ಎಸ್‌ಎಸ್ 35(3)ರ ನೋಟಿಸು. ನೋಟಿಸಿಗೆ ಹಾಜರಾಗದಿದ್ದರೆ ಬಂಧನಕ್ಕೆ ದಾರಿ. ಟಿಪ್ಪರ್ ಮಾತ್ರ ದಂಡದ ರಸೀದಿ ತೋರಿಸಿದ ಮಾತ್ರಕ್ಕೆ ಠಾಣೆಯಿಂದ ಹೊರಡುವುದಿಲ್ಲ, ಮಧ್ಯಂತರ ಸುಪರ್ದಿಗೆ (ಕೇಸು ಮುಗಿಯುವವರೆಗೆ ಗಾಡಿ ತಮ್ಮ ವಶಕ್ಕೆ ಪಡೆಯಲು) ಕೋರ್ಟಿನಲ್ಲಿ ಅರ್ಜಿ ಹಾಕಬೇಕು.

ಸ್ವರ್ಣಾ ದಡ: ಹೊಳೆ ಸಮುದ್ರ ಸೇರುವ ಅಳಿವೆಬಾಗಿಲ ಹತ್ತಿರದ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಮರಳಾದರೆ ಪರಿಸರ ಕಾಯ್ದೆಯೂ ಬರುತ್ತದೆ. 2024ರ ಏಪ್ರಿಲ್ 1ರಿಂದ ಅದರ ಕಲಂ 15ರಲ್ಲಿ ನೇರ ಜೈಲು ಇಲ್ಲ, 10,000ದಿಂದ 15 ಲಕ್ಷದವರೆಗೆ ದಂಡ. ದಂಡ ಕಟ್ಟದಿದ್ದರೆ ಮಾತ್ರ ಜೈಲು.